ಬಾಲ್ಯದಲ್ಲಿ ನಡೆದ ದೌರ್ಜನ್ಯದ ನೆನಪುಗಳು ಈಗ ಮರುಕಳಿಸುತ್ತಿವೆ: ಅನುಭವಸ್ಥರು ದಾರಿ ಹೇಳಬೇಕು

ನಿದ್ದೆಗೆಟ್ಟವ (ಪ್ರಶ್ನೆ)

ನಮಸ್ಕಾರ. ಈ ವಿಷಯವನ್ನು ಸ್ವಂತ ಹೆಸರಿನಲ್ಲಿ ಬರೆಯುವ ಧೈರ್ಯ ನನಗಿಲ್ಲ, ಅದಕ್ಕೆ ಕ್ಷಮೆಯಿರಲಿ. ನನಗೀಗ 43 ವರ್ಷ. ಒಂಬತ್ತನೆಯ ವಯಸ್ಸಿನಿಂದ ಹನ್ನೊಂದರವರೆಗೆ, ಮನೆಗೆ ಬಂದು ಗಣಿತ ಹೇಳಿಕೊಡುತ್ತಿದ್ದ ಒಬ್ಬಾತ ನನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ವಿವರಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೂ ಒಳ್ಳೆಯದಲ್ಲ, ಓದುವವರಲ್ಲಿ ನನ್ನಂಥವರಿದ್ದರೆ ಅವರಿಗೂ ಒಳ್ಳೆಯದಲ್ಲ. ಹೀಗೊಂದು ನಡೆದಿತ್ತೆಂಬುದು ನನಗೆ ಎಂದೂ ಮರೆತುಹೋಗಿರಲಿಲ್ಲ, ಆದರೆ ಅದು ಯಾರದೋ ಮನೆಯಲ್ಲಿ ಯಾರಿಗೋ ಆದ ಸಂಗತಿಯಂತೆ ದೂರದಲ್ಲಿತ್ತು. ಓದು, ಕೆಲಸ, ಮದುವೆ ಎಲ್ಲವೂ ಆದವು. ಆತ ತೀರಿಕೊಂಡು ಆರು ವರ್ಷವಾಯಿತು. ಸುದ್ದಿ ಕೇಳಿದ ದಿನ ನನಗೆ ಏನೂ ಅನ್ನಿಸಲಿಲ್ಲ, ಊಟ ಮಾಡಿ ಮಲಗಿದೆ.

ಐದು ತಿಂಗಳ ಹಿಂದೆ ನನ್ನ ಮಗನಿಗೆ ಒಂಬತ್ತು ತುಂಬಿತು. ಲೆಕ್ಕ ಮಾಡುವಾಗ ಬಾಲ್‌ಪೆನ್ನಿನ ಗುಂಡಿಯನ್ನು ಟಿಕ್ ಟಿಕ್ ಎಂದು ಒತ್ತುತ್ತಲೇ ಇರುವುದು ಅವನ ಅಭ್ಯಾಸ. ಒಂದು ಸಂಜೆ ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಅಂಗೈ ಬೆವರಿತು, ಗಂಟಲು ಕಟ್ಟಿತು, ನಾನು ಎಲ್ಲಿದ್ದೇನೆ ಎಂಬುದೇ ಒಂದು ಗಳಿಗೆ ತಿಳಿಯದಾಯಿತು. ಆತ ಬಾಗಿಲು ಮುಂದೆ ಮಾಡುವ ಮೊದಲು ಹೀಗೆಯೇ ಪೆನ್ನು ಒತ್ತುತ್ತಾ ಕೂರುತ್ತಿದ್ದ ಎಂಬುದು ಮೂವತ್ತು ವರ್ಷಗಳಲ್ಲಿ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ. ಎದ್ದು ಹೋಗಿ ಮಗನ ಕೈಯಿಂದ ಪೆನ್ನು ಕಿತ್ತು ಗೋಡೆಗೆ ಎಸೆದು ಕಿರುಚಿದೆ. ಅವನು ಅಳಲಿಲ್ಲ. ಉಸಿರು ಬಿಗಿಹಿಡಿದು ಅಲುಗಾಡದೆ ಕೂತ. ಹಾಗೆ ಕೂರುವುದೆಂದರೇನು ಎಂದು ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ಆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಅಂದಿನಿಂದ ವಾರಕ್ಕೆ ಮೂರು ನಾಲ್ಕು ಬಾರಿ ಹೀಗಾಗುತ್ತಿದೆ. ಬೆಳಗಿನ ಜಾವ ಮೂರೂ ಮುಕ್ಕಾಲಿಗೆ ಎಚ್ಚರವಾಗುತ್ತದೆ. ಕನಸಿನಲ್ಲಿ ಬಾಗಿಲು ತೆರೆಯಲು ಬರುವುದಿಲ್ಲ. ಮನಸ್ಸನ್ನು ಬೇರೆಡೆಗೆ ತಿರುಗಿಸಲು ನೋಡಿದಷ್ಟೂ ನೆನಪು ಹೆಚ್ಚು ಒತ್ತರಿಸಿಕೊಂಡು ಬರುತ್ತದೆ. ಕೆಲವು ದಿನಗಳು ಸ್ಪಷ್ಟವಾಗಿವೆ, ಕೆಲವು ತಿಂಗಳುಗಳೇ ಖಾಲಿಯಾಗಿವೆ. ಆ ಖಾಲಿ ಜಾಗದಲ್ಲಿ ಇನ್ನೇನಿದೆಯೋ ಎಂಬ ಭಯ ಒಂದು ಕಡೆ, ಇದೆಲ್ಲ ನನ್ನ ಕಲ್ಪನೆಯೇ ಇರಬಹುದೇ ಎಂಬ ಅನುಮಾನ ಇನ್ನೊಂದು ಕಡೆ. ಪಕ್ಕದ ಕೋಣೆಯಲ್ಲಿ ಅಮ್ಮ ಇರುತ್ತಿದ್ದಳು, ನಾನೇಕೆ ಒಮ್ಮೆಯಾದರೂ ಕೂಗಲಿಲ್ಲ ಎಂಬ ಪ್ರಶ್ನೆಯಂತೂ ಬಿಡುತ್ತಿಲ್ಲ.

ಇಷ್ಟು ವರ್ಷ ಇಲ್ಲದ್ದು ಈಗೇಕೆ ಬಂತು? ಗುಣವಾಗಬೇಕಾದರೆ ಎಲ್ಲವನ್ನೂ ನೆನಪಿಸಿಕೊಳ್ಳಲೇಬೇಕೇ? ಹೆಂಡತಿಗೆ ಇದಾವುದೂ ತಿಳಿಯದು. ಹೇಳಬೇಕೇ, ಹೇಳುವುದಾದರೆ ಹೇಗೆ? ತಿಳಿದವರು ದಯವಿಟ್ಟು ಬರೆಯಿರಿ.

ಮುಸ್ಸಂಜೆ

ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ನಾನು 56 ವರ್ಷದ ಹೆಂಗಸು. ನನ್ನ ವಿಷಯದಲ್ಲಿ ಮನೆಯೊಳಗಿನವರೇ ಹೊಡೆತ ಬಡಿತ ನಡೆಸಿದವರು, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಮ್ಮ ತೀರಿಕೊಂಡ ಮೂರನೆಯ ತಿಂಗಳಿಗೆ, ನನ್ನ 47ನೆಯ ವಯಸ್ಸಿನಲ್ಲಿ, ಅದೆಲ್ಲ ಮರಳಿ ಬಂತು. ಹಾಗಾಗಿ ವೈದ್ಯಳಾಗಿ ಅಲ್ಲ, ಒಂಬತ್ತು ವರ್ಷ ಈ ದಾರಿಯಲ್ಲಿ ನಡೆದವಳಾಗಿ ಕೆಲವು ಮಾತು.

ಮೊದಲಿಗೆ, ನನಗೆ ಉಪಯೋಗಕ್ಕೆ ಬಾರದ್ದು. ಹಿತೈಷಿಗಳೆಲ್ಲ ಕಣ್ಣು ಮುಚ್ಚಿ ಕುಳಿತು ಉಸಿರನ್ನು ಗಮನಿಸು ಎಂದರು. ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದೇ ಅದು! ಮೂರು ವಾರ ಹಟ ಹಿಡಿದು ಕುಳಿತು ಇನ್ನಷ್ಟು ಕೆಟ್ಟೆ. ಆಮೇಲೆ ತಿಳಿಯಿತು, ಆಘಾತಕ್ಕೆ ಒಳಗಾದವರಲ್ಲಿ ಕೆಲವರಿಗೆ ಕಣ್ಣು ಮುಚ್ಚಿದ ಧ್ಯಾನ ಹೀಗೆ ತಿರುಗುಬಾಣವಾಗುವುದುಂಟು ಎಂದು. ನೆನಪು ಮೈಮೇಲೆ ಬಂದಾಗ ನಾನು ಕಣ್ಣನ್ನು ಅಗಲವಾಗಿ ತೆರೆಯುತ್ತೇನೆ. ಅಂಗಾಲನ್ನು ನೆಲಕ್ಕೆ ಒತ್ತುತ್ತೇನೆ, ಕೋಣೆಯಲ್ಲಿ ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳುತ್ತೇನೆ, ನಲ್ಲಿ ತಿರುಗಿಸಿ ಮಣಿಕಟ್ಟಿನ ಮೇಲೆ ತಣ್ಣೀರು ಬಿಟ್ಟುಕೊಳ್ಳುತ್ತೇನೆ. ಆ ಮೇಲೆ ಇವತ್ತಿನ ವಾರ, ತಾರೀಖು, ನನ್ನ ವಯಸ್ಸು. ಕೊನೆಗೆ, ಈ ಮನೆಯ ಕೀಲಿಕೈ ನನ್ನ ಹತ್ತಿರ ಇದೆ ಎನ್ನುತ್ತೇನೆ, ನಿಜವಾಗಿಯೂ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು, ಅದರ ಹಲ್ಲು ಅಂಗೈಗೆ ಒತ್ತುವ ಹಾಗೆ. ಕೇಳುವವರಿಗೆ ಹುಚ್ಚಾಟದಂತೆ ಕಂಡೀತು. ಆದರೆ ಮಗುವಾಗಿದ್ದಾಗ ನನ್ನ ಕೈಯಲ್ಲಿ ಇಲ್ಲದಿದ್ದದ್ದು ಅದೊಂದೇ, ಈಗ ಇರುವುದೂ ಅದೇ.

ಎರಡನೆಯದು, ಒಂದು ಚಿಕ್ಕ ನೋಟುಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಕತೆ ಬರೆಯಬೇಡಿ, ಮುಖ್ಯವಾಗಿ ರಾತ್ರಿ ಹೊತ್ತು ಬೇಡವೇ ಬೇಡ. ಯಾವ ದಿನ, ಎಷ್ಟು ಗಂಟೆಗೆ, ಅದಕ್ಕೂ ಮುಂಚೆ ಏನು ಕೇಳಿದಿರಿ, ಏನು ಮೂಸಿದಿರಿ, ಎಷ್ಟು ನಿಮಿಷಕ್ಕೆ ಇಳಿಯಿತು, ಇಷ್ಟನ್ನೇ ಒಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ. ಎರಡು ತಿಂಗಳಲ್ಲಿ ನನಗೆ ತಿಳಿದದ್ದೇನೆಂದರೆ, ಸುಮ್ಮನೆ ಎಲ್ಲಿಂದಲೋ ಬರುತ್ತದೆ ಎಂದುಕೊಂಡಿದ್ದ ನೆನಪು ಹೆಚ್ಚಾಗಿ ಸಂಜೆ ಆರರಿಂದ ಏಳರೊಳಗೆ, ಯಾರಾದರೂ ಚಪ್ಪಲಿ ಎಳೆದುಕೊಂಡು ನಡೆದ ಸದ್ದಿಗೆ ಬರುತ್ತಿತ್ತು. ಕಾರಣ ಗೊತ್ತಾದ ಮೇಲೆ ಭಯ ಅರ್ಧಕ್ಕಿಳಿಯಿತು. ಮದ್ಯದ ಅಭ್ಯಾಸವೇನಾದರೂ ಇದ್ದರೆ ಈ ತಿಂಗಳುಗಳಲ್ಲಿ ಅದನ್ನು ದೂರವಿಡಿ. ಕುಡಿದರೆ ನಿದ್ದೆ ಬೇಗ ಬರುತ್ತದೆ, ಆದರೆ ಅದೇ ಮೂರೂ ಮುಕ್ಕಾಲಿಗೆ ಇನ್ನೂ ಕೆಟ್ಟದಾಗಿ ಎಬ್ಬಿಸುತ್ತದೆ.

ಮಗನ ವಿಷಯ. ಅವನ ಬಳಿ ಕ್ಷಮೆ ಕೇಳಿದಿರೋ ಇಲ್ಲವೋ ನೀವು ಬರೆದಿಲ್ಲ. ಕೇಳಿಲ್ಲವಾದರೆ ಇವತ್ತೇ ಕೇಳಿ. ನನ್ನನ್ನು ಹೊಡೆದವರು ಒಂದು ಸಲವಾದರೂ ತಪ್ಪು ನನ್ನದು ಎಂದಿದ್ದರೆ ನಾನು ಬೇರೆ ಮನುಷ್ಯಳಾಗಿರುತ್ತಿದ್ದೆ.

ನೇರ ಮಾತು

ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಆ ಮನುಷ್ಯ ಸತ್ತೇ ಹೋದ, ನಡೆದು ಮೂರು ದಶಕ ಕಳೆಯಿತು. ಒಳ್ಳೆಯ ಸಂಸಾರವಿದೆ, ಮಗನಿದ್ದಾನೆ. ಹಳೆಯ ಗಾಯವನ್ನು ಕೆದಕಿ ಕೂತರೆ ಅದು ಮತ್ತೆ ಕೀವಾಗುತ್ತದೆಯೇ ಹೊರತು ಮಾಯುವುದಿಲ್ಲ. ಕೆಲಸದಲ್ಲಿ ಮುಳುಗಿ, ವ್ಯಾಯಾಮ ಮಾಡಿ, ಆ ಯೋಚನೆ ಬಂದ ತಕ್ಷಣ ತಳ್ಳಿಹಾಕಿ. ನಾವೆಲ್ಲ ಏನೇನೋ ನುಂಗಿಕೊಂಡೇ ಬದುಕಿದವರು.

ಕೇಳುಕಿವಿ

ನಾನು ಆಪ್ತಸಮಾಲೋಚಕಿ, ಹದಿನಾಲ್ಕು ವರ್ಷಗಳಿಂದ ಹೆಚ್ಚಾಗಿ ಇಂಥ ಅನುಭವಗಳಿಂದ ಬಂದ ವಯಸ್ಕರ ಜೊತೆಗೇ ಕೆಲಸ ಮಾಡುತ್ತಿದ್ದೇನೆ. ಮುಖ ನೋಡದೆ ರೋಗನಿರ್ಣಯ ಮಾಡುವುದು ಸರಿಯಲ್ಲ, ಹಾಗಾಗಿ ನೀವು ಕೇಳಿದ ಪ್ರಶ್ನೆಗಳಿಗಷ್ಟೇ ಉತ್ತರಿಸುತ್ತೇನೆ.

ಮೊದಲು 'ನೇರ ಮಾತು' ಅವರಿಗೆ. ವ್ಯಾಯಾಮದ ಸಲಹೆಯನ್ನು ಒಪ್ಪುತ್ತೇನೆ. ತಳ್ಳಿಹಾಕುವ ಸಲಹೆಯನ್ನು ಮಾತ್ರ ಒಪ್ಪಲಾರೆ, ಏಕೆಂದರೆ ಪ್ರಶ್ನೆ ಕೇಳಿದವರು ಐದು ತಿಂಗಳಿಂದ ಮಾಡುತ್ತಿರುವುದೇ ಅದನ್ನು. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಳಿ ಕರಡಿಯೊಂದನ್ನು ನೆನೆಯಲೇಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ಹೇಳಿದಾಗ ಜನ ಮತ್ತೆ ಮತ್ತೆ ಗಂಟೆ ಬಾರಿಸಿದರು. ಆಮೇಲೆ ನೆನೆಯಲು ಬಿಟ್ಟಾಗ, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಹೆಚ್ಚಾಗಿ ನೆನೆದರು. ಯಾವ ಗಾಯವೂ ಅಂಟಿಸಿಕೊಂಡಿರದ ಒಂದು ಕರಡಿಯೇ ಹೀಗೆ ಕಾಡುವುದಾದರೆ, ಇವರದನ್ನು ಇಚ್ಛಾಬಲದಿಂದ ಅದುಮಿಡಿ ಎನ್ನುವುದು ಹೇಗೆ?

ಈಗೇಕೆ ಬಂತು ಎಂಬ ಪ್ರಶ್ನೆಗೆ ನೀವೇ ಅರ್ಧ ಉತ್ತರ ಬರೆದಿದ್ದೀರಿ. ಸ್ವಂತ ಮಗು ತನ್ನ ಆ ವಯಸ್ಸಿಗೆ ಬಂದು ನಿಲ್ಲುವುದು, ಹೆರಿಗೆ, ಹೆತ್ತವರ ಸಾವು, ದೊಡ್ಡ ಕಾಯಿಲೆ, ಎಲ್ಲ ಗಡಿಬಿಡಿ ಮುಗಿದು ಬದುಕು ಒಂದು ನೆಲೆಗೆ ಬರುವುದು, ಇವು ನೆನಪು ಮರುಕಳಿಸುವ ಸಂದರ್ಭಗಳೆಂದು ನಾವು ಮತ್ತೆ ಮತ್ತೆ ಕೇಳುತ್ತೇವೆ. ಒಂಬತ್ತು ವರ್ಷದ ಹುಡುಗ ಎಷ್ಟು ಚಿಕ್ಕವನಿರುತ್ತಾನೆ ಎಂಬುದನ್ನು ನೀವು ಬಹುಶಃ ಈಗಷ್ಟೇ ಕಣ್ಣಾರೆ ನೋಡುತ್ತಿದ್ದೀರಿ. ಇನ್ನು ಸದ್ದಿನ ಸಂಗತಿ. ಕ್ರಿಸ್ ಬ್ರೂಯಿನ್ ಮತ್ತು ಸಂಗಡಿಗರು 1996ರಲ್ಲಿ ಮಂಡಿಸಿದ ವಿವರಣೆಯಂತೆ, ಆಘಾತದ ನೆನಪು ಎರಡು ಬಗೆಯಲ್ಲಿ ಉಳಿಯುತ್ತದೆ: ಒಂದು, ನಾವು ಬೇಕೆಂದಾಗ ತೆಗೆದು ಹೇಳಬಲ್ಲ, ಕಾಲ ದೇಶಗಳ ಗುರುತಿರುವ ನೆನಪು, ಇನ್ನೊಂದು, ಸದ್ದು, ವಾಸನೆ, ಮೈಯ ಭಂಗಿಗಳಿಗೆ ಅಂಟಿಕೊಂಡು, ಅಂಥದೇ ಸುಳಿವು ಸಿಕ್ಕಾಗ ಮಾತ್ರ ತಾನಾಗಿ ಮೇಲೇಳುವ ನೆನಪು. ಎರಡನೆಯದಕ್ಕೆ ಇದು ಎಂದೋ ಆದದ್ದು ಎಂಬ ಮೊಹರು ಬಿದ್ದಿರುವುದಿಲ್ಲ, ಆದ್ದರಿಂದ ಅದು ಬಂದಾಗ ಈಗಲೇ ನಡೆಯುತ್ತಿರುವಂತೆ ಇರುತ್ತದೆ. ಮುಸ್ಸಂಜೆಯವರು ವಾರ, ತಾರೀಖು ಹೇಳಿಕೊಳ್ಳುವುದು ಹುಚ್ಚಾಟವಲ್ಲ. ಆ ಮೊಹರನ್ನು ಅವರು ಕೈಯಾರೆ ಒತ್ತುತ್ತಿದ್ದಾರೆ.

ನಾನೇಕೆ ಕೂಗಲಿಲ್ಲ ಎಂಬ ಪ್ರಶ್ನೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನನ್ನ ಅನುಭವದಲ್ಲಿ ಜನರನ್ನು ಒಳಗೊಳಗೇ ತಿನ್ನುವುದು ನಡೆದ ಘಟನೆಗಿಂತ ಹೆಚ್ಚಾಗಿ ಈ ಪ್ರಶ್ನೆಯೇ. ತಪ್ಪಿಸಿಕೊಳ್ಳಲಾಗದ ಭಯದಲ್ಲಿ ದೇಹ ಮರಗಟ್ಟುವುದು ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಕಂಡುಬರುವ, ಇಚ್ಛೆಯ ಹಿಡಿತಕ್ಕೆ ಸಿಗದ ಪ್ರತಿಕ್ರಿಯೆ. ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೆ ಒಳಗಾಗಿ ತುರ್ತು ಚಿಕಿತ್ಸೆಗೆ ಬಂದ 298 ಮಹಿಳೆಯರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇಕಡ 70ರಷ್ಟು ಮಂದಿ ಆ ಹೊತ್ತಿನಲ್ಲಿ ಗಮನಾರ್ಹ ಮಟ್ಟದಲ್ಲಿ ಹೀಗೆ ಮರಗಟ್ಟಿದ್ದಾಗಿ ತಿಳಿಸಿದ್ದರು. ವಯಸ್ಸಿಗೆ ಬಂದವರ ಪಾಡೇ ಇದಾದರೆ, ಮನೆಯವರೆಲ್ಲ ಮೇಷ್ಟ್ರು ಎಂದು ಗೌರವಿಸುತ್ತಿದ್ದವನ ಎದುರು ಒಂಬತ್ತು ವರ್ಷದ ಮಗು ಕೂಗಬೇಕಿತ್ತೇ? ನಿಮ್ಮ ಮಗ ಆ ಸಂಜೆ ಅಲುಗಾಡದೆ ಕೂತದ್ದನ್ನು ಕಂಡು ನೀವು ಅವನನ್ನು ಹೇಡಿ ಎಂದುಕೊಳ್ಳಲಿಲ್ಲವಷ್ಟೇ.

ಖಾಲಿ ಜಾಗಗಳನ್ನು ತುಂಬಲು ಹೋಗಬೇಡಿ. ಗುಣವಾಗಲು ಎಲ್ಲವೂ ನೆನಪಾಗಬೇಕಿಲ್ಲ. ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 24 ಮಂದಿಗೆ ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕತೆಯನ್ನು ಮನೆಯವರು ಹೇಳಿದ ನಿಜ ಘಟನೆಗಳ ಜೊತೆಗೆ ಸೇರಿಸಿ ಕೊಟ್ಟಾಗ, ಸುಮಾರು ನಾಲ್ವರಲ್ಲಿ ಒಬ್ಬರು ಅದು ತಮಗೆ ಪೂರ್ತಿಯಾಗಿಯೋ ಭಾಗಶಃವೋ ನೆನಪಿದೆ ಎಂದರು. ಇದರಿಂದ ನಿಮ್ಮ ನೆನಪು ಸುಳ್ಳೆಂದು ಅರ್ಥವಲ್ಲ, ನಡೆದದ್ದರ ತಿರುಳನ್ನು ನೀವು ಎಂದೂ ಮರೆತವರೇ ಅಲ್ಲ. ಆದರೆ ಸಂಮೋಹನದಿಂದ ಅಡಗಿದ ನೆನಪನ್ನು ಹೊರಗೆಳೆಯುತ್ತೇವೆ ಎನ್ನುವವರ ಬಳಿ ಮಾತ್ರ ಹೋಗಬೇಡಿ. ಅಲ್ಲಿ ಹುಟ್ಟುವ ಚಿತ್ರಗಳಲ್ಲಿ ಯಾವುದು ನಡೆದದ್ದು, ಯಾವುದು ಕೇಳುವವರ ಮಾತಿನಿಂದ ಮೂಡಿದ್ದು ಎಂದು ಬೇರ್ಪಡಿಸುವ ದಾರಿ ನಿಮಗೂ ಇರುವುದಿಲ್ಲ, ಅವರಿಗೂ ಇರುವುದಿಲ್ಲ.

ಚಿಕಿತ್ಸೆ ಇದೆ, ಚೆನ್ನಾಗಿಯೇ ಇದೆ. ಆಘಾತದ ನಂತರ ಉಳಿದು ಕಾಡುವ ಮಾನಸಿಕ ತೊಂದರೆಗೆ ಇಟ್ಟ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ವರ್ಷಗಟ್ಟಲೆ ನಡೆದ ದೌರ್ಜನ್ಯದಿಂದ ಬರುವ ಸಂಕೀರ್ಣ ಪಿಟಿಎಸ್‌ಡಿಯನ್ನು 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪ್ರತ್ಯೇಕವಾಗಿಯೇ ಗುರುತಿಸುತ್ತದೆ. ಅದೇ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಆಘಾತ ಕೇಂದ್ರಿತ ಸಿಬಿಟಿ (ಆಘಾತದಿಂದ ಬೇರೂರಿದ ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವುದು) ಮತ್ತು ಇಎಂಡಿಆರ್ (ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣುಗಳನ್ನು ಅತ್ತಿತ್ತ ಆಡಿಸುವುದು) ಎಂಬ ಎರಡು ಬಗೆಯ ಥೆರಪಿಗಳನ್ನು ಸೂಚಿಸಿತು. ಎರಡರಲ್ಲೂ ನೆನಪಿನ ಹತ್ತಿರ ಹೋಗಲೇಬೇಕಾಗುತ್ತದೆ, ಆದರೆ ಒಬ್ಬರೇ ಅಲ್ಲ ಮತ್ತು ಮೊದಲ ದಿನವೇ ಅಲ್ಲ. ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಹೇಳಿದ ಮೂರು ಹಂತಗಳಲ್ಲಿ ಮೊದಲನೆಯದು ಸುರಕ್ಷತೆ. ನೆನಪು ಮತ್ತು ಶೋಕ ಆ ಮೇಲಿನದು, ಜನರೊಡನೆ ಮತ್ತೆ ಬೆರೆಯುವುದು ಮೂರನೆಯದು. ನಿದ್ದೆ ಒಂದು ಹದಕ್ಕೆ ಬಂದು, ಫ್ಲ್ಯಾಶ್‌ಬ್ಯಾಕ್ (ಈಗಲೇ ನಡೆಯುತ್ತಿರುವಂತೆ ಮರಳುವ ನೆನಪು) ಬಂದಾಗ ತನ್ನನ್ನು ತಾನು ಹಿಡಿದು ನಿಲ್ಲಿಸಿಕೊಳ್ಳುವುದು ಬಂದ ಮೇಲೆ ಉಳಿದದ್ದು. ಮೊದಲ ಭೇಟಿಯಲ್ಲಿ ಕತೆ ಹೇಳಬೇಕಿಲ್ಲ. ಆಘಾತದ ಚಿಕಿತ್ಸೆಯಲ್ಲಿ ನಿಮಗೆ ತರಬೇತಿ ಇದೆಯೇ, ನಾನು ಸಾಕು ಎಂದಾಗ ನಿಲ್ಲಿಸುತ್ತೀರಾ ಎಂದು ನೀವೇ ಪ್ರಶ್ನೆ ಕೇಳಿ. ಉತ್ತರ ಕೊಡಲು ಮುಜುಗರಪಡುವವರಾದರೆ ಬೇರೊಬ್ಬರನ್ನು ಹುಡುಕಿ.

ಬಾಗಿಲ ಕನಸಿಗೂ ಒಂದು ವಿಧಾನವಿದೆ. ಹಗಲು ಹೊತ್ತಿನಲ್ಲಿ ಆ ಕನಸನ್ನು ನಿಮಗೆ ಬೇಕಾದ ಹಾಗೆ ಬದಲಾಯಿಸಿ, ಹೊಸ ರೂಪವನ್ನು ದಿನವೂ ಕೆಲವು ನಿಮಿಷ ಮನಸ್ಸಿನಲ್ಲಿ ನಡೆಸಿ ನೋಡುವುದು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಲ್ಲಿ ಇದು ದುಃಸ್ವಪ್ನಗಳನ್ನು ತಗ್ಗಿಸಿತೆಂದು 2001ರಲ್ಲಿ ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು ವರದಿ ಮಾಡಿದ್ದಾರೆ. ಔಷಧಿ ಬೇಕೇ ಬೇಡವೇ ಎಂಬುದನ್ನು ಮನೋವೈದ್ಯರು ನೋಡಿ ಹೇಳಲಿ, ನಿದ್ದೆ ಮಾತ್ರೆಯನ್ನು ನೀವಾಗಿಯೇ ತಂದು ನುಂಗಬೇಡಿ. ಬದುಕುವುದೇ ಬೇಡ ಎಂಬ ಯೋಚನೆ ಯಾವ ಗಳಿಗೆಯಲ್ಲಿ ಸುಳಿದರೂ ಥೆರಪಿಯ ದಿನಕ್ಕಾಗಿ ಕಾಯದೆ ಅಂದೇ, ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಗೋ ಸಹಾಯವಾಣಿಗೋ ತಿಳಿಸಿ, ಒಬ್ಬರೇ ಇರಬೇಡಿ.

ಜೊತೆಗಾತಿ

ಹೆಂಡತಿಗೆ ಹೇಳುವ ವಿಷಯದಲ್ಲಿ ನಾನು ಆ ಹೆಂಡತಿಯ ಜಾಗದಲ್ಲಿ ಇದ್ದವಳು. ಮದುವೆಯಾಗಿ ಹನ್ನೆರಡು ವರ್ಷಗಳ ಮೇಲೆ ನನ್ನ ಯಜಮಾನರು ಹೇಳಿದರು. ನಿಲ್ಲಿಸಿದ ಕಾರಿನಲ್ಲಿ ಕುಳಿತಿದ್ದೆವು, ಇಬ್ಬರೂ ಮುಂದಿನ ಗಾಜನ್ನೇ ನೋಡುತ್ತಿದ್ದೆವು. ಮುಖ ನೋಡಿಕೊಂಡು ಹೇಳಲು ತನ್ನಿಂದ ಆಗುತ್ತಿರಲಿಲ್ಲ ಎಂದು ಆಮೇಲೆ ಅಂದರು. ಹೇಳಿದ್ದು ಒಂದೇ ವಾಕ್ಯ. ನಾನು ಮಾಡಿದ ತಪ್ಪೆಂದರೆ, ತಕ್ಷಣ "ಇಷ್ಟು ವರ್ಷ ನನಗೇಕೆ ಹೇಳಲಿಲ್ಲ?" ಎಂದು ಕೇಳಿದ್ದು. ನನ್ನ ದುಃಖಕ್ಕೆ ಕೇಳಿದೆ, ಅವರಿಗೆ ಅದು ವಿಚಾರಣೆಯಂತೆ ಕೇಳಿಸಿತು, ಮತ್ತೆ ನಾಲ್ಕು ತಿಂಗಳು ಆ ಮಾತೇ ಎತ್ತಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಹೇಳುವ ಮೊದಲು ಅವರಿಂದ ನಿಮಗೆ ಏನು ಬೇಕು ಎಂಬುದನ್ನೇ ಮೊದಲ ಮಾತಾಗಿಸಿ: ನಾನೊಂದು ವಿಷಯ ಹೇಳುತ್ತೇನೆ, ಇವತ್ತು ಏನೂ ಕೇಳಬೇಡ, ಸುಮ್ಮನೆ ಪಕ್ಕದಲ್ಲಿ ಕೂತಿರು. ಎಷ್ಟು ಹೇಳುತ್ತೀರಿ ಎಂಬುದು ನಿಮಗೆ ಬಿಟ್ಟದ್ದು, ಒಂದು ವಾಕ್ಯ ಹೇಳಿದ ಮಾತ್ರಕ್ಕೆ ಪೂರ್ತಿ ಹೇಳುವ ಸಾಲ ನಿಮ್ಮ ತಲೆಗೆ ಬರುವುದಿಲ್ಲ. ಇದು ಅಮ್ಮನಿಗೆ, ನೆಂಟರಿಗೆ ತಲುಪಬಾರದು ಎಂದಿದ್ದರೆ ಅದನ್ನೂ ಅಂದೇ ಸ್ಪಷ್ಟವಾಗಿ ಹೇಳಿಬಿಡಿ. ಇನ್ನೊಂದು ಮಾತು: ಅವರಿಗೆ ಏನೂ ತಿಳಿಯದು ಎಂದು ನೀವು ಬರೆದಿದ್ದೀರಿ. ಸಂಗತಿ ತಿಳಿಯದಿರಬಹುದು, ಆದರೆ ಐದು ತಿಂಗಳಿಂದ ಜಾವಕ್ಕೆ ಎದ್ದು ಕೂರುವ ಗಂಡನನ್ನು ಅವರು ನೋಡುತ್ತಲೇ ಇದ್ದಾರೆ. ನಾನಂತೂ ಆ ಹನ್ನೆರಡು ವರ್ಷ, ಇವರಿಗೆ ನನ್ನ ಮೇಲೆ ಮನಸ್ಸಿಲ್ಲ ಎಂದೇ ತಿಳಿದಿದ್ದೆ.

ನಿದ್ದೆಗೆಟ್ಟವ

ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಮನ್ನಿಸಿ. ಎಲ್ಲರ ಉತ್ತರಗಳನ್ನೂ ಓದಿದೆ, 'ನೇರ ಮಾತು' ಅವರದನ್ನೂ. ಮೂವತ್ತು ವರ್ಷ ನಾನು ನನಗೇ ಹೇಳಿಕೊಂಡು ಬಂದದ್ದು ಅದನ್ನೇ ಆದ್ದರಿಂದ ಅವರ ಮೇಲೆ ಸಿಟ್ಟಿಲ್ಲ.

ಮಗನ ಬಳಿ ಮರುದಿನವೇ ಕ್ಷಮೆ ಕೇಳಿದೆ. ಪೆನ್ನಿನ ತಪ್ಪೂ ಅಲ್ಲ, ನಿನ್ನ ತಪ್ಪೂ ಅಲ್ಲ, ಅಪ್ಪನಿಗೆ ಚಿಕ್ಕವನಿದ್ದಾಗ ಆದ ಒಂದು ಕೆಟ್ಟ ಸಂಗತಿ ಆ ಸದ್ದಿಗೆ ನೆನಪಾಗುತ್ತದೆ, ಅದಕ್ಕೆ ಡಾಕ್ಟರನ್ನು ನೋಡುತ್ತೇನೆ ಎಂದೆ. ಅವನು ಸ್ವಲ್ಪ ಯೋಚಿಸಿ, ಹಾಗಾದರೆ ನಾನು ಪೆನ್ಸಿಲ್ಲಿನಲ್ಲಿ ಮಾಡುತ್ತೇನೆ ಎಂದು ಹೇಳಿ ಆಟಕ್ಕೆ ಓಡಿದ. ಹೆಂಡತಿಗೂ ಹೇಳಿದೆ, ದೀಪ ಆರಿಸಿದ ಮೇಲೆ. ಅವಳು ಏನೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ, ಕೋಣೆಯ ಬಾಗಿಲು ತೆರೆದಿಟ್ಟು ಮಲಗೋಣವೇ ಎಂದಳು. ಈಗ ಹಾಗೆಯೇ ಮಲಗುತ್ತಿದ್ದೇವೆ. ಥೆರಪಿಯ ಎರಡು ಭೇಟಿಗಳು ಮುಗಿದಿವೆ, ಇನ್ನೂ ನೆನಪಿನ ಸುದ್ದಿಗೇ ಹೋಗಿಲ್ಲ. ಮೂರೂ ಮುಕ್ಕಾಲಿಗೆ ಎಚ್ಚರವಾಗುವುದು ನಿಂತಿಲ್ಲ, ಆದರೆ ಎರಡು ರಾತ್ರಿ ಮತ್ತೆ ನಿದ್ದೆ ಹತ್ತಿತು.

ಒಂದು ಸಂದೇಹ. ಆ ಕೆಟ್ಟ ಸಂಗತಿ ಏನು ಎಂದು ಮಗ ಮುಂದೊಂದು ದಿನ ಕೇಳಿದರೆ ಏನು ಹೇಳಲಿ?

ಕೇಳುಕಿವಿ

ನೀವು ಈಗಾಗಲೇ ಹೇಳಿರುವಷ್ಟು ಒಂಬತ್ತು ವರ್ಷದವನಿಗೆ ಸಾಕು. ಮತ್ತೆ ಕೇಳಿದರೆ, ಒಬ್ಬ ದೊಡ್ಡವರು ನನಗೆ ನೋವು ಮಾಡಿದ್ದರು, ಆಗ ಯಾರಿಗೂ ಹೇಳಲು ಆಗಲಿಲ್ಲ, ಈಗ ಹೇಳಿದ್ದೇನೆ ಎಂದರಾಯಿತು. ಸುಳ್ಳು ಬೇಡ, ವಿವರವೂ ಬೇಡ. ತನ್ನ ಮೈಯನ್ನು ಯಾರು ಮುಟ್ಟಬಾರದು, ಮುಟ್ಟಿದರೆ ಯಾರಿಗೆ ಹೇಳಬೇಕು, ಗುಟ್ಟಾಗಿಡು ಎಂದವರ ಗುಟ್ಟನ್ನೇ ಮೊದಲು ಹೇಳಬೇಕು ಎಂಬುದನ್ನು ಅವನಿಗೆ ಕಲಿಸಲೇಬೇಕು, ಆದರೆ ನಿಮ್ಮ ಕತೆಯ ಜೊತೆಗೆ ಸೇರಿಸದೆ, ಬೇರೊಂದು ದಿನ, ರಸ್ತೆ ದಾಟುವುದನ್ನು ಕಲಿಸುವ ದನಿಯಲ್ಲಿ. ನಿಮಗೆ ಮಾತು ತಡವರಿಸುವಂತಿದ್ದರೆ ಆ ದಿನ ಅವನ ಅಮ್ಮನೇ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ.